ಅಂಗಳದ ಮಳೆ ಕಾಗದಕ್ಕೆ ಇಳಿಯುತ್ತಿಲ್ಲ: ಹೊಸ ತಂತ್ರ ಕಲಿಯಲೇ, ಇದ್ದುದನ್ನೇ ತಿದ್ದಲೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾಗಿ ಐದು ವರ್ಷವಾಯಿತು. ಆಗಿನಿಂದ ಜಲವರ್ಣ ಹಿಡಿದಿದ್ದೇನೆ. ಗುರುಗಳಿಲ್ಲ, ಯೂಟ್ಯೂಬ್ ನೋಡಿ ಕಲಿತದ್ದು. ಈ ಜನವರಿಯಲ್ಲಿ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ: ವಾರಕ್ಕೊಂದರಂತೆ 52 ಚಿತ್ರ, ಗ್ವಾಶ್ (ಹಿಂದಿನದನ್ನು ಮುಚ್ಚುವ ನೀರುಬಣ್ಣ), ಅಕ್ರಿಲಿಕ್‌ನಲ್ಲಿ ನೈಫ್ ಕೆಲಸ (ಚಪ್ಪಟೆ ಅಲಗಿನಿಂದ ಬಣ್ಣ ಬಳಿಯುವುದು), ಆಲ್ಕೊಹಾಲ್ ಇಂಕ್, ಮೈಸೂರು ಶೈಲಿಯ ಚಿನ್ನದ ಕೆಲಸ, ವರ್ಷದ ಕೊನೆಗೊಂದು ಪ್ರದರ್ಶನ. ಮೇ ಬಂತು, ಆಗಿರುವುದು 9 ಚಿತ್ರ. ತಂದ ಸಾಮಾನೆಲ್ಲ ಕಪಾಟಿನಲ್ಲಿದೆ. ವಿಡಿಯೊ ನೋಡಿ ಬರೆದ ಸರೋವರ, ಹಿಮದ ಬೆಟ್ಟ ನೋಡಿದವರಿಗೆಲ್ಲ ಇಷ್ಟವಾಗುತ್ತವೆ. ಆದರೆ ನಮ್ಮ ಮನೆ ಅಂಗಳದಲ್ಲಿ ಮಳೆ ಹೊಯ್ಯುವುದನ್ನು ಹೋದ ವರ್ಷದಿಂದ ಆರು ಸಲ ಬರೆದೆ, ಆರೂ ಸಲ ರಾಡಿಯಾಯಿತು. ಹಸಿರು ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಮೂರರ ಫೋಟೊ, ನನ್ನ ಬಣ್ಣಗಳ ಹೆಸರು ಕಳಿಸಿದ್ದೇನೆ. ಗುರಿ ಹಾಕಿಕೊಂಡದ್ದೇ ತಪ್ಪಾ? ಹೊಸ ತಂತ್ರ ಕಲಿತರೆ ಸರಿಹೋಗುತ್ತದಾ, ಅಥವಾ ಒಂದನ್ನೇ ಹಿಡಿದು ಕೂರಬೇಕಾ? ನನ್ನದೇ ಶೈಲಿ ಅನ್ನುವುದು ಈ ವಯಸ್ಸಿನಲ್ಲಿ ಬರುತ್ತದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಪಟ್ಟಿ ಕಣ್ಣಿಗೆ ಬಿತ್ತು, ಎರಡನೆಯ ಸಲ ಅಂಗಳ. ಸರೋವರ, ಹಿಮದ ಬೆಟ್ಟ ಚೆನ್ನಾಗಿಯೇ ಬಂದಿವೆ. ಆದರೂ ಒಂದನ್ನೂ ನೀವು ಮತ್ತೆ ಬರೆದಿಲ್ಲ. ಸರಿಯಾಗಿ ಬಾರದ ಅಂಗಳಕ್ಕೆ ಮಾತ್ರ ಆರು ಸಲ ಮರಳಿ ಹೋಗಿದ್ದೀರಿ. ಯಾರೂ ಹೊಗಳದ, ಪ್ರತಿ ಸಲ ಕೈಕೊಟ್ಟ ವಿಷಯವೊಂದನ್ನು ಆರು ಸಲ ಎತ್ತಿಕೊಳ್ಳುವವರಿಗೆ ಗುರಿ ಏನೆಂದು ಕೈಗೆ ಆಗಲೇ ಗೊತ್ತಿರುತ್ತದೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ಅದೊಂದೇ ಇಲ್ಲ.

ಗುರಿ ಹಾಕಿಕೊಂಡದ್ದು ತಪ್ಪಲ್ಲ. ಆದರೆ ಆ ಪಟ್ಟಿಯಲ್ಲಿರುವುದೆಲ್ಲ ಸಾಮಾನಿನ ಹೆಸರು. ಗ್ವಾಶ್ ಕಲಿತು ಏನನ್ನು ಬರೆಯಬೇಕು, ನೈಫ್ ಹಿಡಿದು ಯಾವುದನ್ನು ತೋರಿಸಬೇಕು ಎಂಬುದು ಅಲ್ಲಿಲ್ಲ. ನಾನು ಕಲಾಶಾಲೆಯಿಂದ ಹೊರಬಿದ್ದ ಮೊದಲ ವರ್ಷ ಹೀಗೆಯೇ ಕಳೆಯಿತು. ಸುತ್ತಲಿನವರೆಲ್ಲ ನೈಫಿನಲ್ಲಿ ದಪ್ಪ ಬಣ್ಣ ಬಳಿಯುತ್ತಿದ್ದರು, ನಾನೂ ಬಳಿದೆ. ವರ್ಷದ ಕೊನೆಗೆ ನನ್ನ ಕೈಯಲ್ಲಿ ನೈಫಿನ ಗುರುತುಗಳಿದ್ದವು, ಚಿತ್ರಗಳಿರಲಿಲ್ಲ. ಆ ವರ್ಷದ ನೋವು ಈಗಲೂ ನೆನಪಿದೆ. ಆದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹೊಸ ತಂತ್ರ ನಿಜವಾಗಿ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾತೀಸ್ ಒಳ್ಳೆಯ ನಿದರ್ಶನ. 1941ರಲ್ಲಿ ಅವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಈಸೆಲ್ ಮುಂದೆ ಹೊತ್ತುಗಟ್ಟಲೆ ನಿಲ್ಲಲು ಆಗಲಿಲ್ಲ. ಆಗ ಕಾಗದಕ್ಕೆ ಗ್ವಾಶ್ ಬಳಿಸಿ, ಕತ್ತರಿಯಿಂದ ಆಕಾರಗಳನ್ನು ಕತ್ತರಿಸಿ ಜೋಡಿಸತೊಡಗಿದರು. ಕತ್ತರಿ ಹಿಡಿಯಬೇಕು ಎಂಬ ಪಟ್ಟಿ ಅವರಲ್ಲಿರಲಿಲ್ಲ. ಬಣ್ಣ ಮತ್ತು ಆಕಾರವನ್ನು ಒಟ್ಟಿಗೆ ಹಿಡಿಯಬೇಕು ಎಂಬ ಹಂಬಲ ಇತ್ತು. ದೇಹ ಒಂದು ದಾರಿ ಮುಚ್ಚಿದಾಗ ಹಂಬಲ ಇನ್ನೊಂದನ್ನು ಹುಡುಕಿತು. ನಿಮಗೂ ತಂತ್ರ ಬೇಕು. ಯಾವುದು ಬೇಕೆಂದು ನಿಮ್ಮ ಅಂಗಳವೇ ಹೇಳಬೇಕು.

ಮೊದಲು ಆ ರಾಡಿಯ ವಿಷಯ. ಮೂರೂ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಮೂರರಲ್ಲೂ ಮಳೆಯನ್ನು ಬಿಳಿ ಓರೆಗೆರೆಗಳಾಗಿ ಎಳೆದಿದ್ದೀರಿ, ಆಕಾಶದ ಮೇಲೂ ಎಳೆದಿದ್ದೀರಿ. ಈ ಸಲ ಮಳೆ ಹಿಡಿದಾಗ ಜಗಲಿಯಲ್ಲಿ ಕೂತು ಬರೆಯದೆ ಬರೀ ನೋಡಿ. ಬೆಳ್ಳಗಿನ ಆಕಾಶದ ಎದುರು ಮಳೆಯ ಎಳೆ ಕಾಣುವುದೇ ಇಲ್ಲ. ಕೊಟ್ಟಿಗೆಯ ಕತ್ತಲೆ ಬಾಗಿಲು, ತೋಟದ ಕಪ್ಪು ಹಸಿರು, ಇಂಥ ಗಾಢವಾದುದರ ಮುಂದೆ ಮಾತ್ರ ಕಾಣುತ್ತದೆ. ಬೇರೆ ಕಡೆ ಮಳೆ ಇದೆ ಎಂದು ನಮಗೆ ಗೊತ್ತಾಗುವುದು ಎರಡು ಗುರುತಿನಿಂದ: ದೂರದ ಮರಗಳು ತೆರೆ ಎಳೆದಂತೆ ಮಸುಕಾಗುತ್ತವೆ, ನೆಲ ಹೊಳೆಯುತ್ತದೆ. ಆ ಎರಡು ಸರಿಯಾಗಿ ಬಂದರೆ ಒಂದೇ ಒಂದು ಗೆರೆ ಎಳೆಯದೆಯೂ ಚಿತ್ರದಲ್ಲಿ ಮಳೆ ಹೊಯ್ಯುತ್ತದೆ.

ಒದ್ದೆ ನೆಲಕ್ಕೂ ಒಂದು ಲೆಕ್ಕವಿದೆ. ಒದ್ದೆಯಾದ ಮಣ್ಣು ಒಣ ಮಣ್ಣಿಗಿಂತ ಗಾಢ. ಅದರ ಮೇಲೆ ನಿಂತ ನೀರು ಮಾತ್ರ ಹೆಚ್ಚುಕಡಿಮೆ ಆಕಾಶದಷ್ಟು ಬೆಳಕು. ಈ ಎರಡರ ನಡುವಿನ ಅಂತರವೇ ಹೊಳಪು. ನೀವು ಎರಡನ್ನೂ ನಡುವಣ ಕಂದಿನಲ್ಲಿ ಬರೆದಿದ್ದೀರಿ, ಆದ್ದರಿಂದ ನೆಲ ಸಗಣಿ ಸಾರಿಸಿದಂತೆ ಕಾಣುತ್ತಿದೆ, ನೀರಿನಂತೆ ಕಾಣುತ್ತಿಲ್ಲ. ಪ್ರತಿಬಿಂಬ ಯಾವಾಗಲೂ ವಸ್ತುವಿನ ನೇರ ಕೆಳಗೆ ಇಳಿಯುತ್ತದೆ. ಗಾಢ ವಸ್ತುವಿನ ಪ್ರತಿಬಿಂಬ ಅದಕ್ಕಿಂತ ತುಸು ತಿಳಿ, ತಿಳಿ ವಸ್ತುವಿನದು ತುಸು ಗಾಢ. ಕೊಟ್ಟಿಗೆಯ ಕಂಬ ಮತ್ತು ಅಂಗಳದ ಬದಿಯ ಬಿಳಿ ಪಾಗಾರ, ಇವೆರಡರಲ್ಲಿ ಇದನ್ನು ಪರೀಕ್ಷಿಸಿ ನೋಡಿ.

ರಾಡಿಗೆ ಇನ್ನೊಂದು ಕಾರಣ ನಿಮ್ಮ ಊರಿನ ಹವೆ. ವಿಡಿಯೊದಲ್ಲಿ ಕಲಿಸುವವರು ಎಲ್ಲೋ ಒಣ ಕೋಣೆಯಲ್ಲಿ ಕೂತಿರುತ್ತಾರೆ. ಅವರ ಕಾಗದ ಹತ್ತು ನಿಮಿಷಕ್ಕೆ ಒಣಗಿದರೆ ಮಲೆನಾಡಿನ ಜುಲೈನಲ್ಲಿ ನಿಮ್ಮದು ಒಂದು ಗಂಟೆಯಾದರೂ ಒಳಗೆ ಹಸಿಯಾಗಿಯೇ ಇರುತ್ತದೆ. ಮೇಲೆ ಒಣಗಿದೆ ಎಂದುಕೊಂಡು ಎರಡನೆಯ ಪದರ ಹಾಕುತ್ತೀರಿ, ಕೆಳಗಿನ ಬಣ್ಣ ಎದ್ದು ಬಂದು ಕಲಸಿಹೋಗುತ್ತದೆ. ನಿಮ್ಮ ಎರಡನೆಯ ಚಿತ್ರದ ಆಕಾಶದಲ್ಲಿ ಹೂಕೋಸಿನಂತೆ ಹರಡಿದ ಕಲೆ ಹಾಗೆಯೇ ಬಂದದ್ದು: ಅರೆ ಒಣಗಿದ ಬಣ್ಣದ ಮೇಲೆ ಅದಕ್ಕಿಂತ ನೀರಾದ ಕುಂಚ ತಾಗಿದೆ. ಅಂಗೈಯ ಹಿಂಭಾಗವನ್ನು ಕಾಗದಕ್ಕೆ ಮೆಲ್ಲಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಹಸಿ ಇದೆ. ಕಣ್ಣಿಗೆ ಎಷ್ಟೇ ಒಣಗಿದಂತೆ ಕಂಡರೂ ಕುಂಚ ಮುಟ್ಟಿಸಬೇಡಿ. ತೀರಾ ಅವಸರವಿದ್ದರೆ ಹೇರ್ ಡ್ರೈಯರ್ ಸಾಕು.

ಇದೇ ಹವೆ ನಿಮಗೆ ವರವೂ ಹೌದು. ಹಸಿ ಕಾಗದದ ಮೇಲೆ ಹಸಿ ಬಣ್ಣ ಬಿಟ್ಟು ಅಂಚುಗಳನ್ನು ಕರಗಿಸುವ ಕೆಲಸಕ್ಕೆ ಕಲಬುರಗಿಯ ಏಪ್ರಿಲ್‌ನಲ್ಲಿ ಎರಡು ನಿಮಿಷವೂ ಸಿಗುವುದಿಲ್ಲ. ನಿಮಗೆ ಅರ್ಧ ಗಂಟೆ ಸಿಗುತ್ತದೆ. ಮಳೆಯನ್ನು ಮಳೆಯ ಹವೆಯಲ್ಲಿಯೇ ಬರೆಯುವ ಅನುಕೂಲ ಬಹಳ ಜನರಿಗಿಲ್ಲ.

ಕಾಗದವನ್ನು ಹೇಗೆ ಇಟ್ಟಿದ್ದೀರಿ? ಮೂರನೆಯ ಚಿತ್ರದಲ್ಲಿ ಅಲ್ಲಲ್ಲಿ ಬಣ್ಣ ಚುಕ್ಕೆಚುಕ್ಕೆಯಾಗಿ ಒಳಗಿಳಿದಿದೆ. ಜಲವರ್ಣ ಕಾಗದಕ್ಕೆ ಜೆಲಟಿನ್‌ನಂಥ ಅಂಟನ್ನು ಊಡಿಸಿರುತ್ತಾರೆ. ಬಣ್ಣ ಮೇಲೆಯೇ ನಿಲ್ಲುವುದು ಅದರಿಂದ. ತೇವದಲ್ಲಿ ಎರಡು ಮೂರು ಮಳೆಗಾಲ ಕಳೆದರೆ ಆ ಅಂಟು ಕೆಡುತ್ತದೆ, ಆಮೇಲೆ ಕಾಗದ ಒತ್ತುಕಾಗದದಂತೆ ಹೀರುತ್ತದೆ. ಹೊಸ ಹಾಳೆಯ ಮೂಲೆಗೆ ಬರೀ ನೀರು ಸವರಿ ನೋಡಿ; ಚುಕ್ಕೆಗಳು ಕಪ್ಪಾಗಿ ಎದ್ದರೆ ಆ ಹಾಳೆ ಜಲವರ್ಣಕ್ಕೆ ಬರುವುದಿಲ್ಲ. ಎಸೆಯಬೇಡಿ, ಗ್ವಾಶ್‌ಗೋ ಇದ್ದಿಲಿನ ಚಿತ್ರಕ್ಕೋ ಆಗುತ್ತದೆ. ಒಳ್ಳೆಯ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಸ್ಟೀಲ್ ಬೀರುವಿನಲ್ಲಿಡಿ.

ಕೊಳ್ಳುವುದಾದರೆ ನೂರಕ್ಕೆ ನೂರು ಹತ್ತಿಯ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಕಾಗದ ಕೊಳ್ಳಿ. ದುಬಾರಿ ಎಂಬ ಭಯಕ್ಕೆ ಒಂದು ಉಪಾಯವಿದೆ. ಪೂರ್ತಿ ಹಾಳೆ 22 ಇಂಚು × 30 ಇಂಚು ಇರುತ್ತದೆ. ಅದನ್ನು 16 ತುಂಡು ಮಾಡಿದರೆ ಒಂದೊಂದೂ ಐದೂವರೆ ಇಂಚು × ಏಳೂವರೆ ಇಂಚು. ಪ್ರಯೋಗಕ್ಕೆ ಅಷ್ಟು ಸಾಕು. ದೊಡ್ಡ ಹಾಳೆಯ ಮುಂದೆ ಕೂತಾಗ ಕೆಡಿಸಬಾರದು ಎಂಬ ಹೆದರಿಕೆ ಕೈಯನ್ನು ಕಟ್ಟಿಹಾಕುತ್ತದೆ. ಹದಿನಾರರಲ್ಲಿ ಒಂದು ಕೆಟ್ಟರೆ ಕೈಗೆ ನೋವಾಗುವುದಿಲ್ಲ.

ಈಗ ಗುರಿ. 52 ಚಿತ್ರ ಎಂಬ ಸಂಖ್ಯೆಯನ್ನು ಅಳಿಸಿಬಿಡಿ. ಚಿತ್ರ ಚೆನ್ನಾಗಿ ಬರುವುದು ನಿಮ್ಮ ಕೈಯಲ್ಲಿಲ್ಲ, ಕೂತು ಪ್ರಯತ್ನಿಸುವುದು ಇದೆ. ಎಣಿಸುವುದಾದರೆ ತುಂಡುಗಳನ್ನು ಎಣಿಸಿ. ನೀವು ಗಣಿತದವರು, ಆದ್ದರಿಂದ ಇದನ್ನು ನಿಮ್ಮದೇ ಮಾತಿನಲ್ಲಿ ಹೇಳುತ್ತೇನೆ: ಹೊಸ ಕಾಗದ, ಹೊಸ ಬಣ್ಣ, ಹೊಸ ವಿಷಯ, ಹೊಸ ಕುಂಚ ಎಂದು ಎಲ್ಲ ಚರಾಕ್ಷರಗಳನ್ನೂ ಒಟ್ಟಿಗೆ ಬದಲಿಸಿದರೆ ಉತ್ತರ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಿಸಿ. ಉಳಿದದ್ದೆಲ್ಲ ಸ್ಥಿರಾಂಕ. ವಿಷಯ ಒಂದೇ, ಅದೇ ಅಂಗಳ. ಕೂರುವ ಜಾಗವೂ ಒಂದೇ, ಜಗಲಿಯ ಅದೇ ಮೂಲೆ. ಫ್ರೆಂಚ್ ಕಲಾವಿದ ಮೊನೆ 1890–91ರಲ್ಲಿ ತಮ್ಮ ಮನೆಯ ಹತ್ತಿರದ ಹೊಲದಲ್ಲಿದ್ದ ಬಣವೆಗಳನ್ನೇ ಸುಮಾರು 25 ಸಲ ಬರೆದರು. ಬಣವೆ ಬದಲಾಗಲಿಲ್ಲ, ಬೆಳಕು ಬದಲಾಯಿತು. ನಿಮ್ಮ ಅಂಗಳಕ್ಕೆ ಆರು ಸಲ ಹೆಚ್ಚಾಯಿತು ಎಂದು ಯಾರೂ ಹೇಳಲಾರರು.

ಪ್ರತಿ ತುಂಡಿನ ಹಿಂದೆ ಪೆನ್ಸಿಲಿನಲ್ಲಿ ನಾಲ್ಕು ಮಾತು ಬರೆಯಿರಿ: ಯಾವ ಕಾಗದ, ಯಾವ ಬಣ್ಣ, ಒಣಗಲು ಎಷ್ಟು ಹೊತ್ತು, ಈ ಸಲ ಬದಲಿಸಿದ್ದೇನು. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಬಿಟ್ಟುಹೋದ ಸ್ಕೆಚ್ ಪುಸ್ತಕಗಳೇ ಸುಮಾರು 300 ಇವೆ. ಮೋಡ, ಮಂಜು, ಬೆಳಕನ್ನು ಅವರು ಅಷ್ಟು ಸಲೀಸಾಗಿ ಬರೆದರು ಎಂದು ನಾವು ಬೆರಗಾಗುತ್ತೇವೆ. ಆ ಸಲೀಸಿನ ಹಿಂದೆ ಈ ಪುಸ್ತಕಗಳಿವೆ.

ವಾರದ ಲೆಕ್ಕದ ಬದಲು ಮಳೆಯ ಲೆಕ್ಕವನ್ನೇ ಇಟ್ಟುಕೊಳ್ಳಿ ಎಂದು ನನ್ನ ಸಲಹೆ. ನಮ್ಮ ಮಳೆ ನಕ್ಷತ್ರಗಳು ಒಂದೊಂದೂ ಹದಿಮೂರು ಹದಿನಾಲ್ಕು ದಿನ ನಡೆಯುತ್ತವೆ. ಒಂದು ಮಳೆಗೆ ಒಂದು ಪ್ರಶ್ನೆ.

ಜೂನ್ 7–8ರ ಹೊತ್ತಿಗೆ ಮೃಗಶಿರಾ ಹೊಕ್ಕುತ್ತದೆ. ಆ ಮಳೆಗೆ ಬಣ್ಣವೇ ಬೇಡ. ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಒಂದನ್ನೇ ಇಟ್ಟುಕೊಂಡು ಅಂಗಳವನ್ನು ಐದು ಮೆಟ್ಟಿಲಿನ ಟೋನ್‌ಗಳಲ್ಲಿ ಬರೆಯಿರಿ: ಕಾಗದದ ಬಿಳಿ, ತಿಳಿ, ನಡು, ಗಾಢ, ಅತಿ ಗಾಢ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಮೆಟ್ಟಿಲುಗಳು ಬೇರೆಬೇರೆಯಾಗಿ ಕಾಣುತ್ತವೆ. ಜಲವರ್ಣ ಒಣಗಿದಾಗ ಒಂದು ಮೆಟ್ಟಿಲು ತಿಳಿಯಾಗುತ್ತದೆ, ಆದ್ದರಿಂದ ಹಸಿಯಾಗಿದ್ದಾಗ ಸ್ವಲ್ಪ ಹೆಚ್ಚೇ ಗಾಢವಿರಲಿ. ಬೇಸರದ ಕೆಲಸ ಎನಿಸಬಹುದು. ನನ್ನ ಮೂವತ್ತು ವರ್ಷದ ಪಾಠದಲ್ಲಿ ಇದನ್ನು ಹದಿನೈದು ದಿನ ಮಾಡಿದವರ ಚಿತ್ರ ಬದಲಾಗದೇ ಇದ್ದದ್ದನ್ನು ನಾನು ನೋಡಿಲ್ಲ.

ಆರಿದ್ರಾ ಮಳೆಯಲ್ಲಿ ಅಂಚುಗಳು. ಕಾಗದದ ಎರಡೂ ಬದಿಗೆ ನೀರು ಸವರಿ, ಮೇಲಿನ ಹೊಳಪು ಆರಿ ರೇಷ್ಮೆಯಂಥ ಮಿನುಗು ಉಳಿಯುವವರೆಗೆ ಕಾಯಿರಿ. ಆ ಗಳಿಗೆಯಲ್ಲಿ ದೂರದ ತೋಟದ ಬಣ್ಣ ಬಿಡಿ. ಹೊಳಪಿರುವಾಗ ಬಿಟ್ಟರೆ ಬಣ್ಣ ಎಲ್ಲೆಲ್ಲೋ ಓಡುತ್ತದೆ, ಮಿನುಗು ಪೂರ್ತಿ ಆರಿದ ಮೇಲೆ ಬಿಟ್ಟರೆ ಗಡಸು ಗೆರೆ ಬೀಳುತ್ತದೆ. ಆ ಗಳಿಗೆ ಬಾಯಲ್ಲಿ ಹೇಳಿದರೆ ತಿಳಿಯುವುದಲ್ಲ, ಹತ್ತು ತುಂಡು ಕೆಡಿಸಿದರೆ ಕಣ್ಣಿಗೆ ಸಿಗುತ್ತದೆ.

ಪುನರ್ವಸು ಹಿಡಿಯುವಷ್ಟರಲ್ಲಿ ಜುಲೈ ಮೊದಲ ವಾರ, ಎಲ್ಲ ಕಡೆ ಹಸಿರು ಉಕ್ಕಿರುತ್ತದೆ. ನಿಮ್ಮ ಪ್ಲಾಸ್ಟಿಕ್ ಹಸಿರಿಗೆ ಕಾರಣ ಟ್ಯೂಬಿನಿಂದ ನೇರ ತೆಗೆದ ಸ್ಯಾಪ್ ಗ್ರೀನ್, ಅದಕ್ಕೆ ಬೆರೆಸಿದ ಥ್ಯಾಲೊ ನೀಲಿ ಮತ್ತು ಲೆಮನ್ ಯೆಲ್ಲೊ. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ವರ್ಣದ್ರವ್ಯದ ಸಂಖ್ಯೆ ಇರುತ್ತದೆ: ಅಲ್ಟ್ರಾಮರೀನ್ ಆದರೆ ಪಿಬಿ 29, ಥ್ಯಾಲೊ ನೀಲಿಯಾದರೆ ಪಿಬಿ 15. ಸ್ಯಾಪ್ ಗ್ರೀನ್ ಮೇಲೆ ಸಾಮಾನ್ಯವಾಗಿ ಎರಡು ಮೂರು ಸಂಖ್ಯೆಗಳಿರುತ್ತವೆ. ಮೂರು ದ್ರವ್ಯದ್ದಕ್ಕೆ ಮೂರು ದ್ರವ್ಯದ್ದನ್ನು ಕಲಸಿದರೆ ಆರು ದ್ರವ್ಯ ಒಂದರ ಮೇಲೊಂದು ಬಿದ್ದು ಬಣ್ಣ ಸತ್ತುಹೋಗುತ್ತದೆ. ಒಂದೇ ಸಂಖ್ಯೆಯ ಟ್ಯೂಬುಗಳನ್ನು ಇಟ್ಟುಕೊಳ್ಳಿ. ಹಸಿರು ಟ್ಯೂಬನ್ನು ಆ ಹದಿನಾಲ್ಕು ದಿನ ಮುಟ್ಟಬೇಡಿ. ಅಲ್ಟ್ರಾಮರೀನ್ ತುಸು ಕೆಂಪಿಗೆ ವಾಲುವ ನೀಲಿ. ಅದಕ್ಕೆ ಬೆಚ್ಚನೆಯ ಹಳದಿ ಸೇರಿಸಿದರೆ ತಾನಾಗಿಯೇ ತಗ್ಗಿದ, ಮಣ್ಣಿನ ವಾಸನೆಯ ಹಸಿರು ಬರುತ್ತದೆ. ಇನ್ನೂ ತಗ್ಗಿಸಬೇಕಾದರೆ ಒಂದು ಹನಿ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು. ಅಡಿಕೆ ಸೋಗೆಯ ಹಸಿರು, ಪಾಗಾರದ ಪಾಚಿಯ ಹಸಿರು, ಬಾಳೆಯ ಹಸಿರು, ದೂರದ ಗುಡ್ಡದ ನೀಲಿ ಹಸಿರು, ಇವೆಲ್ಲ ಬೇರೆಬೇರೆ ಎಂದು ನಿಮಗೆ ಬಾಲ್ಯದಿಂದ ಗೊತ್ತು. ಕಾಗದದ ಮೇಲೆ ಮಾತ್ರ ಎಲ್ಲವನ್ನೂ ಒಂದೇ ಬಟ್ಟಲಿನಿಂದ ಬಳಿದಿದ್ದೀರಿ. ಇಪ್ಪತ್ತು ಹಸಿರುಗಳ ಚೌಕಗಳನ್ನು ಮಾಡಿ ಪಕ್ಕದಲ್ಲಿ ಗಿಡದ ಹೆಸರು ಬರೆಯಿರಿ. ಮೋಡಕ್ಕೂ ಒದ್ದೆ ಹೆಂಚಿಗೂ ಬೇಕಾದ ಬೂದು ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆತರೆ ಸಿಗುತ್ತದೆ, ಕಪ್ಪು ಟ್ಯೂಬ್ ಬೇಡ.

ಇಷ್ಟಾದ ಮೇಲೆ, ಪುಷ್ಯ ಮಳೆಗೆ, ನಿಮ್ಮ ಹೊಸ ತಂತ್ರ. ಇದು ನಿಮ್ಮ ಪಟ್ಟಿಯಲ್ಲಿಲ್ಲ. ಬಂಗಾಳದ ಅವನೀಂದ್ರನಾಥ ಟ್ಯಾಗೋರರು ಬೆಳೆಸಿದ ವಾಷ್ ಪದ್ಧತಿ. 1903ರಲ್ಲಿ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಎಂಬ ಜಪಾನಿ ಕಲಾವಿದರು ಕಲ್ಕತ್ತೆಗೆ ಬಂದಿದ್ದರು. ಅವರು ಒದ್ದೆ ಕುಂಚದಿಂದ ಬಣ್ಣವನ್ನು ಮಸುಕಾಗಿಸುವುದನ್ನು ನೋಡಿದ ಅವನೀಂದ್ರನಾಥರು ಒಂದು ಹೆಜ್ಜೆ ಮುಂದೆ ಹೋಗಿ ಒಣಗಿದ ಚಿತ್ರವನ್ನೇ ನೀರಿನಲ್ಲಿ ಮುಳುಗಿಸತೊಡಗಿದರು. ಸಡಿಲ ಬಣ್ಣ ನೀರಿಗೆ ಹೋಗುತ್ತದೆ, ಕಾಗದ ಹಿಡಿದದ್ದು ಉಳಿಯುತ್ತದೆ, ಚಿತ್ರದ ಮೇಲೆಲ್ಲ ಮಂಜಿನಂಥ ತೆರೆ ಕೂರುತ್ತದೆ. ಅದರ ಮೇಲೆ ಮತ್ತೆ ಬರೆದು, ಒಣಗಿಸಿ, ಮತ್ತೆ ಮುಳುಗಿಸುವುದು. ನಿಮ್ಮ ಅಂಗಳದಾಚೆಯ ಗುಡ್ಡ ಜಡಿಮಳೆಯಲ್ಲಿ ಹೇಗೆ ಕಾಣುತ್ತದೋ ಅದು ಈ ಪದ್ಧತಿಗೆ ಹೇಳಿ ಮಾಡಿಸಿದ ನೋಟ.

ಮಾಡುವ ಬಗೆ: ಹತ್ತಿ ಕಾಗದದ ಮೇಲೆ ಆಕಾಶ, ಗುಡ್ಡ, ತೋಟ, ನೆಲವನ್ನು ಸರಳವಾಗಿ ಬರೆಯಿರಿ. ಒಂದು ರಾತ್ರಿ ಪೂರ್ತಿ ಒಣಗಲಿ. ಅಗಲವಾದ ತಟ್ಟೆಯಲ್ಲಿ ತಣ್ಣೀರು ತುಂಬಿ ಹಾಳೆಯನ್ನು ಮೆಲ್ಲಗೆ ಜಾರಿಸಿ, ಒಂದೆರಡು ನಿಮಿಷ ಬಿಡಿ. ಬಣ್ಣ ಹೆಚ್ಚು ಹೋಗಬೇಕಾದ ಕಡೆ ಮೆತ್ತನೆಯ ಚಪ್ಪಟೆ ಕುಂಚದಿಂದ ಸವರಿ. ಎತ್ತಿ, ಹಲಗೆಯ ಮೇಲೆ ಹಾಸಿ, ಮಿನುಗು ಹಂತಕ್ಕೆ ಬಂದಾಗ ಮುಂದಿನ ಗಾಢ ಟೋನ್ ಬಿಡಿ. ಮೂರು ಸಲ ಮುಳುಗಿಸಿದರೆ ಸಾಕು. ಯಾವ ಬಣ್ಣ ಬಿಡುತ್ತದೆ, ಯಾವುದು ಕಚ್ಚಿಕೊಳ್ಳುತ್ತದೆ ಎಂದು ಮೊದಲೇ ಪಟ್ಟಿಯೊಂದನ್ನು ಮಾಡಿಕೊಳ್ಳಿ. ಅಲ್ಟ್ರಾಮರೀನ್ ಸುಲಭವಾಗಿ ಬಿಟ್ಟುಕೊಡುತ್ತದೆ, ಥ್ಯಾಲೊ ನೀಲಿ ಕಾಗದಕ್ಕೆ ಕಚ್ಚಿಕೊಂಡರೆ ಬಿಡುವುದಿಲ್ಲ. ಉಳಿಯಬೇಕಾದ ಗುಡ್ಡಕ್ಕೆ ಒಂದು, ಕರಗಬೇಕಾದ ಮೋಡಕ್ಕೆ ಇನ್ನೊಂದು ಎಂದು ಆಯ್ದುಕೊಂಡರೆ ನೀರು ನಿಮ್ಮ ಜೊತೆ ಕೆಲಸ ಮಾಡುತ್ತದೆ.

ಅವನೀಂದ್ರನಾಥರ ಶಿಷ್ಯರಲ್ಲಿ ನಮ್ಮವರೊಬ್ಬರಿದ್ದರು, ಕೆ. ವೆಂಕಟಪ್ಪ (1886–1965). ಮೈಸೂರು ಅರಮನೆಯ ಚಿತ್ರಗಾರರ ಮನೆತನದಿಂದ ಕಲ್ಕತ್ತೆಗೆ ಹೋಗಿ ಕಲಿತು ಬಂದವರು. ಊಟಿಯ ಮತ್ತು ಕೊಡೈಕೆನಾಲ್‌ನ ಗುಡ್ಡ, ಮೋಡ, ಮಂಜನ್ನು ಅವರು ಜಲವರ್ಣದಲ್ಲಿ ಬರೆದದ್ದನ್ನು ನೀವು ನೋಡಲೇಬೇಕು. ಕುಂಚದ ಗುರುತೇ ಇಲ್ಲವೆಂಬಷ್ಟು ನಯ. ಆದರೂ ಮೋಡದ ಭಾರ ಗೊತ್ತಾಗುತ್ತದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಹೊರಡುವ ಮುನ್ನ ಚಿತ್ರಗಳು ನೋಡಲು ಸಿಗುತ್ತವೆಯೇ ಎಂದು ವಿಚಾರಿಸಿಕೊಳ್ಳಿ. ಮೊಬೈಲಿನ ಪರದೆಯಲ್ಲಿ ಜಲವರ್ಣದ ಅರ್ಧ ಪ್ರಾಣ ಹೋಗಿರುತ್ತದೆ.

ಗ್ವಾಶ್ ನಿಮಗೆ ಆಮೇಲೆ, ಆಶ್ಲೇಷ ಮಳೆಯ ಹೊತ್ತಿಗೆ ಬೇಕಾಗುತ್ತದೆ, ಅದೂ ಸ್ವಲ್ಪವೇ. ಕೊಟ್ಟಿಗೆ ಬಾಗಿಲಿನ ಕತ್ತಲೆಯ ಮುಂದೆ ಕಾಣುವ ನಾಲ್ಕು ಮಳೆ ಎಳೆ, ಹೆಂಚಿನ ತುದಿಯಿಂದ ತೊಟ್ಟಿಕ್ಕುವ ನೀರಿನ ಬೆಳಕು, ಇಷ್ಟಕ್ಕೆ. ಅದು ಹಿಂದಿನದನ್ನು ಮುಚ್ಚುವ ಬಣ್ಣ. ಒಣಗಿದಾಗ ತಿಳಿ ಬಣ್ಣ ತುಸು ಗಾಢವಾಗುತ್ತದೆ, ಗಾಢ ಬಣ್ಣ ತುಸು ತಿಳಿಯಾಗುತ್ತದೆ; ಜಲವರ್ಣದ ಅಭ್ಯಾಸವಿದ್ದವರಿಗೆ ಇದು ಮೊದಮೊದಲು ಗೊಂದಲ ತರುತ್ತದೆ. ಒಣಗಿದ ಮೇಲೂ ನೀರು ತಾಗಿದರೆ ಕರಗುವುದರಿಂದ ಒಂದೇ ಸಲಕ್ಕೆ ಇಟ್ಟು ಕೈ ತೆಗೆಯಿರಿ. ಮಘಾ ಮಳೆ ಬಂದಾಗ ಕಾಲು ಹಾಳೆಯ ಒಂದು ದೊಡ್ಡ ಚಿತ್ರ ಬರೆಯಿರಿ. ಒಂದು ಸಾಕು.

ಕಪಾಟಿನ ಉಳಿದ ಸಾಮಾನಿನ ಬಗ್ಗೆ: ಅಕ್ರಿಲಿಕ್ ಒಳ್ಳೆಯ ಮಾಧ್ಯಮವೇ, ಆದರೆ ನೈಫಿನ ದಪ್ಪ ಪದರ ನಿಮ್ಮ ಮಳೆಯ ತೆಳುವಿಗೆ ಎದುರು ನಿಲ್ಲುತ್ತದೆ. ಬೇಸಿಗೆಯಲ್ಲಿ ಕಲ್ಲುಗೋಡೆಯನ್ನೋ ಸೌದೆ ರಾಶಿಯನ್ನೋ ಬರೆಯುವ ಆಸೆಯಾದಾಗ ತೆಗೆಯಿರಿ. ಆಲ್ಕೊಹಾಲ್ ಇಂಕ್‌ಗಳು ಬಹುತೇಕ ಡೈಯಿಂದ ಮಾಡಿದವು, ಬೆಳಕಿಗೆ ಮಾಸುತ್ತವೆ. ಅದನ್ನು ಮೊಮ್ಮಕ್ಕಳಿಗೆ ಕೊಡುವುದೂ ಬೇಡ, ಅದರ ಆವಿ ಮುಚ್ಚಿದ ಕೋಣೆಗೆ ಒಳ್ಳೆಯದಲ್ಲ. ಮೈಸೂರು ಶೈಲಿಯ ಚಿನ್ನದ ಕೆಲಸವನ್ನು ವಾರದ ಹವ್ಯಾಸವಾಗಿ ಸೇರಿಸಿಕೊಳ್ಳಬೇಡಿ. ಗೆಸ್ಸೊ (ಉಬ್ಬು ಕೊಡುವ ಅಂಟಿನ ಲೇಪ) ಕಲಸುವುದು, ಅದನ್ನು ಉಬ್ಬಾಗಿ ಆದರೆ ತೆಳುವಾಗಿ ಏರಿಸುವುದು, ಚಿನ್ನದ ರೇಕು ಕೂರಿಸುವುದು, ಇದೆಲ್ಲ ಗುರುವಿನ ಪಕ್ಕದಲ್ಲಿ ಕೂತು ಕಲಿಯಬೇಕಾದ ವಿದ್ಯೆ. ಆ ಹಂಬಲ ನಿಜವಾಗಿದ್ದರೆ ಒಂದು ಪೂರ್ತಿ ವರ್ಷ ಅದಕ್ಕೇ ಕೊಡಿ.

ಬೇರೊಂದು ಪ್ರಯೋಗವನ್ನು ಮಾತ್ರ ನಾನು ನಿಮಗೆ ಒತ್ತಿ ಹೇಳುತ್ತೇನೆ. ಮಳೆ ನಿಂತು ಬಿಸಿಲು ಬಂದ ಮೇಲೆ, ನವೆಂಬರಿನಲ್ಲಿ, ನಿಮ್ಮ ಅಂಗಳದ ಕೆಮ್ಮಣ್ಣಿನಿಂದಲೇ ಬಣ್ಣ ಮಾಡಿಕೊಳ್ಳಿ. ನಿಮ್ಮ ತಾಲ್ಲೂಕಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯನ್ನು ಬಳಸಿ, ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯುತ್ತಾರೆ. ಕೂದಲೆಳೆಯಷ್ಟು ನೇರವಾದ ಆ ಗೆರೆಗಳನ್ನು ಎಳೆಯುವಾಗ ಅವರ ಉಸಿರೂ ಸದ್ದು ಮಾಡುವುದಿಲ್ಲ. ಅವರ ಚಿತ್ತಾರವನ್ನು ನಕಲು ಮಾಡಿ ಎನ್ನುತ್ತಿಲ್ಲ, ಅದು ಅವರ ಮದುವೆಯ, ಮನೆಯ ಗೋಡೆಯ ಕಲೆ. ಬಣ್ಣಕ್ಕಾಗಿ ಕಾಲ ಕೆಳಗಿನ ನೆಲವನ್ನೇ ನೋಡುವ ಆ ಕಣ್ಣನ್ನು ಹತ್ತಿರದಿಂದ ಕಾಣಿರಿ ಎನ್ನುತ್ತಿದ್ದೇನೆ.

ಮಣ್ಣನ್ನು ಜರಡಿ ಹಿಡಿದು ಬಕೆಟ್ ನೀರಿನಲ್ಲಿ ಕದಡಿ. ಒಂದು ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೇಲೆ ನಿಂತ ತಿಳಿನೀರನ್ನು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಕೆಸರು ಸಿಗುತ್ತದೆ. ಮೂರು ಸಲ ಹೀಗೆ ಮಾಡಿ ಒಣಗಿಸಿ, ನುಣ್ಣಗೆ ಅರೆಯಿರಿ. ಪುಡಿಯ ಕೆಲಸಕ್ಕೆ ಮೂಗಿಗೆ ಮಾಸ್ಕ್ ಇರಲಿ, ಅಡುಗೆಯ ಕಲ್ಲು ಬಳಸಬೇಡಿ. ಗಮ್ ಅರೇಬಿಕ್, ಅಂದರೆ ಜಾಲಿ ಜಾತಿಯ ಮರದ ಗೋಂದು, ಒಂದು ಭಾಗಕ್ಕೆ ಎರಡು ಭಾಗ ಬಿಸಿನೀರು ಹಾಕಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಕೆಲವು ಹನಿ ಜೇನು, ಬೂಸ್ಟು ಬಾರದಂತೆ ಒಂದೆರಡು ಹನಿ ಲವಂಗದ ಎಣ್ಣೆ ಸೇರಿಸಿ. ಪುಡಿ ಮತ್ತು ಈ ಗೋಂದುನೀರನ್ನು ಹೆಚ್ಚುಕಡಿಮೆ ಸಮನಾಗಿ ಕಲಸಿ ಗಾಜಿನ ಹಲಗೆಯ ಮೇಲೆ ತೇಯಿರಿ. ಒಣಗಿದ ಮೇಲೆ ಬೆರಳಿಗೆ ಹತ್ತಿದರೆ ಗೋಂದು ಕಡಿಮೆಯಾಗಿದೆ. ಹೊಳೆದು ಬಿರುಕು ಬಿಟ್ಟರೆ ಹೆಚ್ಚಾಗಿದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಬರುವ ವರ್ಷ ಅಂಗಳವನ್ನು ಅಂಗಳದ ಮಣ್ಣಿನಿಂದಲೇ ಬರೆಯಬಹುದು.

ಶೈಲಿಯ ಪ್ರಶ್ನೆ ಉಳಿಯಿತು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರ್ (1911–1996) ಮುಂಬೈನಲ್ಲಿ ಕಲಿತರು, ಪ್ಯಾರಿಸ್‌ಗೂ ಹೋಗಿ ಕಲಿತರು. ಲಯ ಎಂದರೇನು ಎಂದು ಮೈಯಿಂದ ತಿಳಿಯಬೇಕೆಂದು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಅವರ ಚಿತ್ರಗಳು ಹತ್ತು ಹತ್ತು ವರ್ಷಕ್ಕೆ ಬದಲಾದವು, ಗೆರೆ ಮಾತ್ರ ನೋಡಿದ ಕೂಡಲೇ ಅವರದೇ ಎಂದು ತಿಳಿಯುತ್ತದೆ. ಶೈಲಿಗಾಗಿ ಅವರು ಕುಣಿಯಲಿಲ್ಲ, ಲಯಕ್ಕಾಗಿ ಕುಣಿದರು. ವಯಸ್ಸಿನ ಮಾತಿಗೆ ಬಂದರೆ, ರವೀಂದ್ರನಾಥ ಟ್ಯಾಗೋರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಆಕಾರಗಳಾಗಿ ಜೋಡಿಸುತ್ತಾ ಚಿತ್ರಕ್ಕೆ ಬಂದದ್ದು ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಮೊದಲ ಪ್ರದರ್ಶನವಾದಾಗ ಅವರು ಎಪ್ಪತ್ತರ ಹೊಸ್ತಿಲಲ್ಲಿದ್ದರು. ನಿಮಗೆ ವಯಸ್ಸು ಅಡ್ಡಿಯಲ್ಲ. ಅಡಿಕೆ ಸೋಗೆಯ ಮೇಲೆ ಹನಿ ಬೀಳುವ ಸದ್ದಿನಿಂದಲೇ ಮಳೆ ಎಂಥದ್ದೆಂದು ಹೇಳಬಲ್ಲ ನಿಮ್ಮ ಕಿವಿ, ಕಣ್ಣು ಚಿತ್ರಕ್ಕೆ ಬೇಕಾದ ಬಂಡವಾಳ. ಅದು ಇಪ್ಪತ್ತರಲ್ಲಿ ಇರುವುದಿಲ್ಲ.

ಪ್ರದರ್ಶನ ಈ ವರ್ಷವೇ ಬೇಕೆಂದಿಲ್ಲ. ಬೇಕೆನಿಸಿದರೆ ನೀವು ಪಾಠ ಮಾಡಿದ ಶಾಲೆಯ ಗೋಡೆಯಲ್ಲಿ ಹತ್ತು ತುಂಡುಗಳನ್ನು ತೂಗುಹಾಕಿ, ಹಿಂದಿನ ಟಿಪ್ಪಣಿಗಳನ್ನೂ ಪಕ್ಕದಲ್ಲಿಡಿ. ಮಕ್ಕಳು ಅದನ್ನೇ ಹೆಚ್ಚು ಓದುತ್ತಾರೆ. ಚೌಕಟ್ಟು ಹಾಕಿಸುವಾಗ ಕಾಗದ ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಮೌಂಟ್ ಇರಲಿ. ಮಳೆ ಹೊಡೆಯುವ ಹೊರಗೋಡೆಯ ಒಳಬದಿಗೆ ತೂಗಬೇಡಿ, ಒಂದೇ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.

ಮೃಗಶಿರಾ ಹೊಕ್ಕಲು ಇ‌ನ್ನೂ ಕೆಲವು ದಿನಗಳಿವೆ. ಅಷ್ಟರಲ್ಲಿ ರಾಡಿಯಾದ ಆ ಆರು ಚಿತ್ರಗಳನ್ನು ಹೊರಗೆ ತೆಗೆಯಿರಿ. ಹತ್ತಿ ಕಾಗದದ ಮೇಲೆ ಬರೆದ ಎರಡನ್ನು ಆಯ್ದು ತಟ್ಟೆಯ ನೀರಿಗೆ ಜಾರಿಸಿ, ದೂರದ ಗುಡ್ಡವನ್ನೂ ತೋಟದ ಮೇಲಂಚನ್ನೂ ಮೆತ್ತನೆಯ ಕುಂಚದಿಂದ ಸವರಿ, ಹಲಗೆಯ ಮೇಲೆ ಒಣಗಲು ಬಿಡಿ. ಮರುದಿನ ಕೊಟ್ಟಿಗೆಯ ಬಾಗಿಲಿನ ಕತ್ತಲೆಯನ್ನು ಮಾತ್ರ, ನಿಮ್ಮಲ್ಲಿರುವ ಅತಿ ಗಾಢ ಬೂದಿನಿಂದ, ಒಂದೇ ಸಲಕ್ಕೆ ಬರೆದು ಫೋಟೊ ಕಳಿಸಿ. ಮೊದಲಿನದರ ಪಕ್ಕದಲ್ಲಿಟ್ಟು ನೋಡಿ ಬರೆಯುತ್ತೇನೆ.